ಇಪ್ಪತ್ತು ವರ್ಷ ಹಿಂದಕ್ಕೆ ಜಿಗಿದ ಗಡಿಯಾರ

2022ರ ಹೊಸ ವರ್ಷದ ದಿನ. ಅಮೆರಿಕದಲ್ಲಿ ಹಳೆಯ ಹೋಂಡಾ, ಅಕ್ಯುರಾ ಕಾರುಗಳನ್ನು ಹೊರತೆಗೆದವರಲ್ಲಿ ಹಲವರು ಕಣ್ಣುಜ್ಜಿಕೊಂಡರು. ಎಂಜಿನ್ ಎಂದಿನಂತೆ ಚಾಲೂ ಆಗಿತ್ತು; ತೆರೆಯ ಮೇಲಿನ ಕ್ಯಾಲೆಂಡರ್ ಮಾತ್ರ 2002ರ ಜನವರಿ 1 ಎನ್ನುತ್ತಿತ್ತು. ಆ ಕಾರುಗಳಾದರೋ 2004ರಿಂದ 2012ರವರೆಗಿನ ಮಾದರಿಗಳು. ತಾವು ಹುಟ್ಟುವ ಮೊದಲಿನ ತಾರೀಖನ್ನು ಅವು ಗಂಭೀರವಾಗಿ ಸಾರುತ್ತಿದ್ದವು!

ಮಾಲೀಕರು ಕೈಯಾರೆ ಸಮಯ ತಿದ್ದಿದರು. ಕಾರು ನಿಲ್ಲಿಸಿ ಮತ್ತೆ ಕೀಲಿ ತಿರುಗಿಸಿದರೆ ಅದೇ 2002. ಬ್ಯಾಟರಿಯ ತಂತಿ ಬಿಚ್ಚಿ ಜೋಡಿಸಿದರೂ ಗಡಿಯಾರ ಹಟ ಬಿಡಲಿಲ್ಲ. ಕಂಪನಿಗೆ ದೂರು ಕೊಟ್ಟವರಿಗೆ ಸಿಕ್ಕ ಉತ್ತರ ಇನ್ನೂ ವಿಚಿತ್ರವಾಗಿತ್ತು: ಆಗಸ್ಟ್‌ವರೆಗೆ ಕಾಯಿರಿ, ತಾನಾಗಿಯೇ ಸರಿಹೋಗುತ್ತದೆ. ರಿಪೇರಿಯಿಲ್ಲದೆ, ತಿಂಗಳು ಹೇಳಿ ವಾಸಿಯಾಗುವ ಈ ಕಾಯಿಲೆ ಯಾವುದು?

ಒಬ್ಬ ಮಾಲೀಕನಿಗೆ ಸುಮ್ಮನೆ ಕಾಯಲು ಮನಸ್ಸಾಗಲಿಲ್ಲ. ಮೆಕ್ಯಾನಿಕ್‌ಗಳಷ್ಟೇ ನೋಡುವ ತಪಾಸಣೆಯ ಪುಟಗಳನ್ನು ತೆರೆದು, ಜಿಪಿಎಸ್ ಉಪಗ್ರಹಗಳಿಂದ ಇಳಿಯುವ ಮಾಹಿತಿಯನ್ನು ಕೆದಕಿದ. ಅಲ್ಲಿದ್ದದ್ದು ಜನವರಿ 1 ಅಲ್ಲ, 2002ರ ಮೇ 18! ತೆರೆಯ ಮೇಲಿನ ಸುಳ್ಳಿನ ಹಿಂದೆ ಇನ್ನೊಂದು ಸುಳ್ಳು ಅಡಗಿತ್ತು. ಆದರೆ ಈ ಎರಡನೆಯದಕ್ಕೆ ಲೆಕ್ಕವಿತ್ತು. ಆ ದಿನದಿಂದ 2022ರ ಜನವರಿ 1ಕ್ಕೆ 7,168 ದಿನ. ಏಳರಿಂದ ಭಾಗಿಸಿದರೆ 1,024 ವಾರ, ಶೇಷ ಸೊನ್ನೆ.

1,024 ಎಂದರೆ ಎರಡರ ಹತ್ತನೆಯ ಘಾತ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ.

ಜಿಪಿಎಸ್ ತನ್ನ ವಾರಗಳನ್ನು 1980ರ ಜನವರಿ 6ರಿಂದ ಎಣಿಸುತ್ತದೆ. ಹಳೆಯ ಸಂಕೇತದಲ್ಲಿ ಆ ಸಂಖ್ಯೆಗೆ ಇರುವುದು ಹತ್ತೇ ಬಿಟ್, ಅಂದರೆ ಸೊನ್ನೆ ಅಥವಾ ಒಂದನ್ನಷ್ಟೇ ಹಿಡಿಯುವ ಹತ್ತು ಸ್ಥಾನ. ಹಾಗಾಗಿ 1,023ನ್ನು ದಾಟಿದೊಡನೆ, ಕಿಲೋಮೀಟರ್ ಮೀಟರು ಒಂಬತ್ತುಗಳೆಲ್ಲ ಮುಗಿದು ಮರಳಿದಂತೆ, ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ, 2019ರ ಏಪ್ರಿಲ್‌ನಲ್ಲಿ ಹಾಗೇ ಆಯಿತು. ಈಗ ನಡೆಯುತ್ತಿರುವುದು ಎಷ್ಟನೆಯ ಸುತ್ತು ಎಂಬುದನ್ನು ಉಪಗ್ರಹ ಹೇಳುವುದಿಲ್ಲ. ಯಂತ್ರದ ತಂತ್ರಾಂಶವೇ ಒಂದು ಆರಂಭದ ದಿನವನ್ನು ನಂಬಿ ಊಹಿಸಬೇಕು. ಅಲ್ಲಿಂದ 1,024 ವಾರ ಕಳೆದರೆ ಊಹೆ ತಪ್ಪಿ, ಕ್ಯಾಲೆಂಡರ್ ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಬೀಳುತ್ತದೆ.

ಆಗಸ್ಟ್ ಮಧ್ಯದಲ್ಲಿ, ಕಂಪನಿ ಹೇಳಿದ್ದಂತೆಯೇ, ಅನೇಕ ಕಾರುಗಳು 2022ಕ್ಕೆ ಮರಳಿದವು. ಇನ್ನು, ಹೊಸ ಜಿಪಿಎಸ್ ಸಂಕೇತಗಳಲ್ಲಿ ವಾರದ ಎಣಿಕೆಗೆ ಹದಿಮೂರು ಬಿಟ್ ಇದೆ. ಅದು ಸುಮಾರು 157 ವರ್ಷಕ್ಕೆ ಸಾಕು. ಹಳೆಯ ಸಂಕೇತವನ್ನೇ ನಂಬಿದ ಯಂತ್ರಗಳಿಗೆ ಎಣಿಕೆ ಮತ್ತೆ ಸೊನ್ನೆಯಾಗುವುದು 2038ರ ನವೆಂಬರ್‌ನಲ್ಲಿ.