ಇಪ್ಪತ್ತು ಮುಖದ ದಾಳ

ಕಳೆದ ಶ್ರಾವಣದಲ್ಲಿ ನಮ್ಮ ಪರಿಚಿತರೊಬ್ಬರು ಮನೆಗೆ ಬಂದು, ಕುಳಿತುಕೊಳ್ಳುವುದಕ್ಕೂ ಮೊದಲೇ ಒಂದು ಬಟ್ಟೆಯ ಚೀಲವನ್ನು ನಮ್ಮ ಮುಂದೆ ಸುರಿದರು. ಬಣ್ಣಬಣ್ಣದ ಏಳು ದಾಳಗಳು ಉರುಳಿದವು. "ಗುರುಗಳ, ಹುಡುಗ ಜೂಜಿಗೆ ಬಿದ್ದಾನ್ರಿ. ಶನಿವಾರ ರಾತ್ರಿ ಹೋದ್ರ ಬೆಳಗಿನ ಜಾವಕ್ಕ ಬರ್ತಾನ. ಒಂದು ವಿಷಯದಾಗ ನಪಾಸೂ ಆಗ್ಯಾನ. ನೀವರ ಒಂದು ಮಾತು ಹೇಳ್ರಿ" ಎಂದರು. ಮಗ ಇಂಜಿನಿಯರಿಂಗ್ ಓದುತ್ತಿರುವವನು. ದಾಳವೆಂದೊಡನೆ ಧರ್ಮರಾಯನ ನೆನಪಾಗುವುದು ನಮ್ಮ ಜನಕ್ಕೆ ಸಹಜವೇ. ಆದರೆ ಈ ದಾಳಗಳಲ್ಲಿ ಒಂದಕ್ಕೆ ಇಪ್ಪತ್ತು ಮುಖಗಳು, ಇನ್ನೊಂದಕ್ಕೆ ನಾಲ್ಕೇ. ಪಗಡೆ, ಚೌಕಾಬಾರಗಳನ್ನಾಡಿ ಬೆಳೆದ ನಮಗೂ ಇವು ಹೊಸವು. ಚೀಲದೊಡನೆ ಇನ್ನೂರು ಪುಟದ ಒಂದು ನೋಟುಬುಕ್ಕೂ ಇತ್ತು. ತಂದೆ ಅದನ್ನು ತೆರೆದು ನೋಡಿರಲಿಲ್ಲ.

ತೀರ್ಪು ಹೇಳುವ ಮೊದಲು ವಿಷಯವನ್ನು ತಿಳಿಯಬೇಕೆಂಬುದು ಮಠದಲ್ಲಿ ನಾವು ಕಲಿತ ಮೊದಲ ಪಾಠ. ಆದುದರಿಂದ ಹುಡುಗನನ್ನೇ ಕರೆಸಿ ಕೇಳಿದೆವು. ಅವನಲ್ಲಿದ್ದ ಪುಸ್ತಕಗಳನ್ನೂ ತರಿಸಿ ಓದಿದೆವು.

ನಾಲ್ಕೈದು ಜನ ಒಂದು ಮೇಜಿನ ಸುತ್ತ ಕುಳಿತು ಆಡುವ ಆಟವಿದು. ಒಬ್ಬನು ಸೂತ್ರಧಾರ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಧರಿಸುತ್ತಾರೆ. ವೇಷಭೂಷಣವಿಲ್ಲ, ರಂಗಸ್ಥಳವಿಲ್ಲ, ಎಲ್ಲವೂ ಮಾತಿನಲ್ಲಿಯೇ. "ಎದುರಿಗೆ ಹಳೆಯ ಕೋಟೆಯ ಬಾಗಿಲು ಮುಚ್ಚಿದೆ, ಏನು ಮಾಡುವಿರಿ?" ಎಂದು ಸೂತ್ರಧಾರ ಕೇಳಿದರೆ, ಒಬ್ಬ ಗೋಡೆ ಹತ್ತುವೆನೆನ್ನುತ್ತಾನೆ, ಇನ್ನೊಬ್ಬ ಕಾವಲುಗಾರನೊಡನೆ ಮಾತಿಗಿಳಿಯುವೆನೆನ್ನುತ್ತಾನೆ. ಕೆಲಸ ಕೈಗೂಡುವುದೋ ಇಲ್ಲವೋ ಎಂಬ ಅನಿಶ್ಚಯ ಬಂದಲ್ಲಿ ಮಾತ್ರ ದಾಳ ಉರುಳುತ್ತದೆ. ಪಣವಿಲ್ಲ, ಹಣವಿಲ್ಲ, ಗೆದ್ದವರು ಸೋತವರೆಂಬ ಭೇದವೂ ಇಲ್ಲ. ಜೂಜಿನ ಲಕ್ಷಣವೊಂದೂ ಇದರಲ್ಲಿ ನಮಗೆ ಕಾಣಲಿಲ್ಲ.

ಇದರ ವಂಶಾವಳಿಯನ್ನು ಹುಡುಕುತ್ತ ಹೋದರೆ ನಮ್ಮ ದೇಶದ ಚತುರಂಗಕ್ಕೇ ಬಂದು ನಿಲ್ಲುತ್ತೇವೆ. ಚತುರಂಗ ಪಶ್ಚಿಮಕ್ಕೆ ಹೋಗಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹೆಲ್ವಿಗ್ ಎಂಬುವರು ಅದನ್ನು ಬಹಳಷ್ಟು ಮನೆಗಳ ಯುದ್ಧದಾಟವಾಗಿ ಹಿಗ್ಗಿಸಿದರು. 1824ರಲ್ಲಿ ರೈಸ್‌ವಿಟ್ಸ್ ಎಂಬ ಪ್ರಷ್ಯದ ಸೇನಾಧಿಕಾರಿ ಮನೆಗಳನ್ನೇ ತೆಗೆದುಹಾಕಿ, ಭೂಪಟದ ಮೇಲೆ ದಾಳ ಮತ್ತು ತೀರ್ಪುಗಾರನೊಡನೆ ಆಡುವ ಕ್ರಮವನ್ನು ಪ್ರಕಟಿಸಿದರು. ಸೈನ್ಯವೇ ಅದನ್ನು ತರಬೇತಿಗೆ ಬಳಸಿತು. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬ ತರುಣ, ಆಟಗಾರರಿಗೆ ಸೈನ್ಯವನ್ನಷ್ಟೇ ಕೊಡದೆ ಒಂದು ಊರಿನ ಬೇರೆ ಬೇರೆ ವ್ಯಕ್ತಿಗಳ ಪಾತ್ರಗಳನ್ನು ಹಂಚಿದರು. ಅವರ ಗೆಳೆಯ ಡೇವ್ ಆರ್ನೆಸನ್ ಅದನ್ನು ಮಾಯಾಲೋಕದ ಕಥೆಗಳಿಗೆ ಒಯ್ದರು. ವಿಸ್ಕಾನ್ಸಿನ್ನಿನ ಲೇಕ್ ಜಿನೀವ ಎಂಬ ಸಣ್ಣ ಊರಿನಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ಅವರೊಡನೆ ಸೇರಿ ನಿಯಮಗಳನ್ನು ಬರೆದರು. ವಿಮಾ ಕಂಪನಿಯ ಕೆಲಸ ಕಳೆದುಕೊಂಡು ಚಪ್ಪಲಿ ರಿಪೇರಿಯಿಂದ ಸಂಸಾರ ಸಾಗಿಸುತ್ತಿದ್ದವರು ಈ ಗೈಗ್ಯಾಕ್ಸ್! 1974ರಲ್ಲಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಹೆಸರಿನಿಂದ ಮೂರು ಕಿರುಹೊತ್ತಗೆಗಳ ಪೆಟ್ಟಿಗೆ ಹೊರಬಂದಿತು. ಮೊದಲ ಮುದ್ರಣ 1,000 ಪ್ರತಿಗಳು.

ತಂದೆಯ ಭಯ ಹೊಸದಲ್ಲವೆಂಬುದನ್ನೂ ಹೇಳಬೇಕು. 1979ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಕಾಣೆಯಾದಾಗ ಪತ್ರಿಕೆಗಳು ಈ ಆಟದ ಮೇಲೆಯೇ ಅಪವಾದ ಹೊರಿಸಿದವು. ಹುಡುಗ ಕೆಲವು ವಾರಗಳ ತರುವಾಯ ಸಿಕ್ಕಿದ. ಹುಡುಕಲು ನೇಮಿಸಿದ್ದ ಪತ್ತೇದಾರನೇ ಮುಂದೆ, ಇದಕ್ಕೆ ಆಟ ಕಾರಣವಲ್ಲವೆಂದು ಬರೆದ. ಆದರೂ ಅಪವಾದ ಹೋಗಲಿಲ್ಲ. ಆಟ ಪಿಶಾಚಪೂಜೆಗೆ ದಾರಿಯೆಂಬ ಕೂಗು ಎಂಬತ್ತರ ದಶಕದಲ್ಲೆಲ್ಲ ಇತ್ತು. ಆ ಕೂಗಿಗೆ ಬೆದರಿ ಪ್ರಕಾಶಕರು 1989ರ ಆವೃತ್ತಿಯಲ್ಲಿ ದೆವ್ವಭೂತಗಳ ಹೆಸರನ್ನೇ ಬದಲಾಯಿಸಿದರು. ಹೆಸರು ಬದಲಾದರೆ ಭೂತ ಹೋಗುವುದಾದರೆ ನಮ್ಮ ಮಂತ್ರವಾದಿಗಳಿಗೆ ಕೆಲಸವೇ ಇರುತ್ತಿರಲಿಲ್ಲ.

ಇದೆಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿದುದು ಬೇರೆಯೇ ಒಂದು ಸಂಗತಿ. ಲಾಸ್ ಏಂಜಲೀಸ್ ನಗರದ ಲೀ ಗೋಲ್ಡ್ ಎಂಬ ಮಹಿಳೆ 1975ರ ಜೂನ್ ತಿಂಗಳಲ್ಲಿ ಈ ಆಟಕ್ಕೆಂದೇ ಒಂದು ಮಾಸಪತ್ರಿಕೆಯನ್ನು ಪ್ರಾರಂಭಿಸಿದರು. ಅದುವರೆಗೆ ಅಲ್ಲಿಯ ವಿಜ್ಞಾನಕಥಾಪ್ರಿಯರು ಒಂದು ಸಾಮೂಹಿಕ ಪತ್ರಿಕೆಯನ್ನು ನಡೆಸುತ್ತಿದ್ದರು. ಅದರ ತುಂಬ ಈ ಆಟದ ಮಾತೇ ಆದಾಗ, ಆ ಮಾತಿಗೆ ಪ್ರತ್ಯೇಕ ಮನೆ ಬೇಕಾಯಿತು. 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್' ಎಂದು ಅದರ ಹೆಸರು. ಷೇಕ್ಸ್‌ಪಿಯರನ ಕಾಲದ ನಾಟಕಗಳಲ್ಲಿ, ರಂಗದ ಮೇಲೆ ಕಾಳಗದ ಗದ್ದಲ ಮತ್ತು ಓಡಾಟ ನಡೆಯಲಿ ಎಂದು ಕೊಡುತ್ತಿದ್ದ ಸೂಚನೆ ಅದು. ನಮ್ಮ ದೊಡ್ಡಾಟದಲ್ಲಿ ಮದ್ದಳೆಯ ಬಡಿತ ಏರಿದಾಗ ಆಗುವುದೂ ಅದೇ.

ಈ ಪತ್ರಿಕೆಯ ಕ್ರಮ ವಿಶಿಷ್ಟವಾಗಿತ್ತು. ಸಂಪಾದಕರು ಲೇಖನಗಳನ್ನು ಆರಿಸುತ್ತಿರಲಿಲ್ಲ. ಬರೆಯುವವರು ತಮ್ಮ ತಮ್ಮ ಪುಟಗಳನ್ನು ತಾವೇ ಸಿದ್ಧಪಡಿಸಿ ಕಳುಹಿಸುತ್ತಿದ್ದರು. ಎಲ್ಲವನ್ನೂ ಒಂದಾಗಿ ಜೋಡಿಸಿ ಎಲ್ಲರಿಗೂ ಅಂಚೆಯಲ್ಲಿ ತಲುಪಿಸುತ್ತಿದ್ದರು. ಮುಂದಿನ ತಿಂಗಳು ಪ್ರತಿಯೊಬ್ಬರೂ ತಮ್ಮ ಆಟದ ವೃತ್ತಾಂತದೊಡನೆ ಇತರರ ಮಾತಿಗೆ ಉತ್ತರವನ್ನೂ ಬರೆಯುತ್ತಿದ್ದರು. ಮೊದಲ ನಿಯಮಪುಸ್ತಕಗಳು ಅಸ್ಪಷ್ಟವಾಗಿದ್ದುದರಿಂದ ಊರಿಗೊಂದು ಪಾಠಾಂತರ ಹುಟ್ಟಿಕೊಂಡಿತ್ತು. ಹಸ್ತಪ್ರತಿಗಳೊಡನೆ ಜೀವ ತೇದ ನಮಗೆ ಈ ಪಾಠಾಂತರಗಳ ಜಗಳ ಬಹಳ ಆಪ್ತವೆನಿಸಿತು. ಗೈಗ್ಯಾಕ್ಸ್ ತಾವೇ ಪ್ರಾರಂಭದ ಸಂಚಿಕೆಗೆ ಪತ್ರ ಬರೆದು, ಪ್ರತಿಯೊಂದು ಗುಂಪೂ ತನಗೊಪ್ಪಿದಂತೆ ಆಡಲಿ ಎಂದಿದ್ದರು. 1978ರ ಹೊತ್ತಿಗೆ ಅವರೇ ಇಂಥ ಹವ್ಯಾಸಿ ಪತ್ರಿಕೆಗಳನ್ನು ಕಟುವಾಗಿ ಹಳಿದರು! ಸೂತ್ರಕಾರರಿಗೆ ಭಾಷ್ಯಕಾರರ ಮೇಲೆ ಬರುವ ಸಿಟ್ಟು ಎಲ್ಲ ಕಡೆಗೂ ಒಂದೇ. ಲೀ ಗೋಲ್ಡ್ ಮಾತ್ರ ಜೋಡಿಸುವ ಕೆಲಸವನ್ನು ಬಿಡಲಿಲ್ಲ. ಅಲ್ಲಿ ಬರೆಯುತ್ತಿದ್ದ ಸ್ಟೀವ್ ಪೆರಿನ್ 1978ರಲ್ಲಿ 'ರೂನ್‌ಕ್ವೆಸ್ಟ್' ಎಂಬ ಬೇರೆ ಆಟವನ್ನೇ ರಚಿಸಿದರು. ಜೊನಾಥನ್ ಟ್ವೀಟ್ 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸಿನ ಮೂರನೆಯ ಆವೃತ್ತಿಯ ಪ್ರಮುಖ ರಚನಕಾರರಲ್ಲೊಬ್ಬರಾದರು. 500ಕ್ಕೂ ಹೆಚ್ಚು ಸಂಚಿಕೆಗಳ ನಂತರ, 2025ರ ಏಪ್ರಿಲ್‌ನಲ್ಲಿ ಆ ತಾಯಿ ಪತ್ರಿಕೆಯನ್ನು ನಿಲ್ಲಿಸಿದರು. ಐವತ್ತು ವರ್ಷಕ್ಕೆ ಎರಡೇ ತಿಂಗಳು ಕಡಿಮೆ.

ಇದನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮಠದ ಪ್ರಸಾದ ನಿಲಯದಲ್ಲಿದ್ದಾಗ ನಾವು ಮೂವರು ಗೆಳೆಯರು ಒಂದು ಕೈಬರಹದ ಪತ್ರಿಕೆಯನ್ನು ಹೊರಡಿಸುತ್ತಿದ್ದೆವು. ಒಗಟು, ಬಯಲಾಟದ ವಿಮರ್ಶೆ, ಹುಲಿ-ಕುರಿ ಆಟದ ನಡೆಗಳು, ಎಲ್ಲವೂ ಅದರಲ್ಲಿರುತ್ತಿದ್ದವು. ಮೂರನೆಯ ಸಂಚಿಕೆಯನ್ನು ನೋಡಿದ ಹಿರಿಯರೊಬ್ಬರು, "ವ್ಯಾಕರಣ ಬಿಟ್ಟು ಇದೇನು ಹುಡುಗಾಟಿಕೆ?" ಎಂದು ಒಲೆಗೆ ಹಾಕಿದರು. ಅವರ ಮೇಲೆ ನಮಗೀಗ ಕೋಪವಿಲ್ಲ. ನಮ್ಮ ಹಿತವನ್ನೇ ಬಯಸಿದ್ದರು. ಆದರೆ ನಾಲ್ಕನೆಯ ಸಂಚಿಕೆಗೆಂದು ಬರೆದಿಟ್ಟಿದ್ದ ಒಗಟುಗಳು ಇಂದಿಗೂ ನಮಗೆ ಕಂಠಪಾಠ.

ಹುಡುಗನ ನೋಟುಬುಕ್ಕಿನಲ್ಲಿದ್ದುದೂ ಅದೇ ಬಗೆಯ ಬರಹ. ಪ್ರತಿ ಶನಿವಾರದ ಆಟವನ್ನು ಕನ್ನಡದಲ್ಲಿ ಬರೆದಿಟ್ಟು ಗೆಳೆಯರಿಗೆ ಓದಲು ಕೊಡುತ್ತಾನೆ. ಅಕ್ಷರದೋಷ ಹೇರಳ, ಆದರೆ ಬಾವಿಗಿಳಿದ ಕಳ್ಳನಿಗೆ ಹಗ್ಗ ಸಾಲದೆ ಬಂದ ಸಂಕಟವನ್ನು ಬರೆದ ಎರಡು ಪುಟಗಳನ್ನು ನಾವು ಎರಡು ಸಲ ಓದಿದೆವು.

ತಂದೆಯನ್ನು ಮತ್ತೆ ಕರೆಸಿ ಆ ಪುಟಗಳನ್ನು ಓದಿ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ನಪಾಸಾದದ್ದಕ್ಕ ಏನಂತೀರಿ ಮತ್ತ?" ಎಂದರು. ಅದು ನ್ಯಾಯವಾದ ಪ್ರಶ್ನೆ. ಉಳಿದ ವಿಷಯ ಪಾಸಾಗುವವರೆಗೆ ತಿಂಗಳಿಗೆ ಎರಡೇ ಶನಿವಾರ, ಅದೂ ರಾತ್ರಿ ಹತ್ತು ಗಂಟೆಯೊಳಗೆ ಮನೆಗೆ ಎಂದು ಒಪ್ಪಂದವಾಯಿತು. ಹುಡುಗ ಮುಖ ಸಣ್ಣದು ಮಾಡಿಕೊಂಡರೂ ಒಪ್ಪಿದ. ದಾಳದ ಚೀಲವನ್ನು ತಂದೆಯೇ ಅವನ ಕೈಗೆ ಕೊಟ್ಟರು.

ಹೋದ ವಾರ ಎರಡನೆಯ ನೋಟುಬುಕ್ಕು ನಮ್ಮ ಮನೆಗೆ ಬಂದಿದೆ. ಹನ್ನೆರಡನೆಯ ಶತಮಾನದ ಕೋಟೆಯ ಮೇಲೆ ತೋಪು ಹಾರಿಸಿದ್ದಾನೆ. ತೋಪು ಆಗ ಇಲ್ಲಿ ಎಲ್ಲಿತ್ತಪ್ಪ ಎಂದು ಕೇಳಿದರೆ, "ಅಜ್ಜಾ, ನಮ್ಮ ಆಟದಾಗ ಐತ್ರಿ" ಎಂದು ನಕ್ಕ. ಕೆಂಪು ಮಸಿಯಿಂದ ಗುರುತು ಹಾಕಿ ಇಟ್ಟಿದ್ದೇವೆ.