ಬೋರಿವಲಿಯ ಕಾಡಿನಲ್ಲಿ ಮದ್ದಿನ ಗಿಡಗಳು

ಮುಂಬಯಿ ಎಂದೊಡನೆ ರೈಲುಗಾಡಿಗಳೂ ಮುಗಿಲೆತ್ತರದ ಕಟ್ಟಡಗಳೂ ಕಣ್ಣ ಮುಂದೆ ನಿಲ್ಲುವುವು. ಆದರೆ ಈ ಮಹಾನಗರದ ಮಗ್ಗುಲಲ್ಲಿಯೇ ಸುಮಾರು ೧೦೪ ಚದರ ಕಿಲೋಮೀಟರುಗಳಷ್ಟು ಕಾಡು ಉಳಿದುಕೊಂಡಿದೆ. ಅದೇ ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ಕಾನ್ಹೇರಿಯ ಬೌದ್ಧ ಗುಹೆಗಳಿರುವುದೂ ಇಲ್ಲಿಯೇ. ನಮ್ಮ ಊರುಗಳ ಗುಡ್ಡಬೆಟ್ಟಗಳಲ್ಲಿ ಬೆಳೆಯುವ ಅನೇಕ ಮದ್ದಿನ ಗಿಡಗಳು ಈ ಕಾಡಿನಲ್ಲಿಯೂ ಕಾಣಸಿಗುವುವು. ಡಿಸೆಂಬರ್ ತಿಂಗಳ ಒಂದು ಮುಂಜಾನೆ ಸಸ್ಯಗಳನ್ನು ಬಲ್ಲ ಮಾರ್ಗದರ್ಶಕರೊಬ್ಬರ ಸಂಗಡ ನಾವು ವಿದ್ಯಾರ್ಥಿಗಳೊಡನೆ ಅಲ್ಲಿ ನಡೆದು ಕಲಿತುದನ್ನು ಇಲ್ಲಿ ವಿವರಿಸುವೆವು.

ಮಾರ್ಗದರ್ಶಕರು ಯಾವ ಗಿಡದ ಹೆಸರನ್ನೂ ಮೊದಲು ಹೇಳಲಿಲ್ಲ. ಎಲೆಗಳು ಎದುರುಬದುರಾಗಿವೆಯೋ, ಒಂದು ಬಿಟ್ಟು ಒಂದರಂತಿವೆಯೋ, ಸುತ್ತುಗಟ್ಟಿವೆಯೋ? ತೊಗಟೆ ಹೇಗಿದೆ? ಹಾಲು ಒಸರುವ ಜಾತಿಯೋ ಅಲ್ಲವೋ? ಹೂ ಕಾಯಿಗಳ ಆಕಾರವೇನು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಹೆಸರು. ಒಂದೇ ಲಕ್ಷಣವನ್ನು ನಂಬಿದವನು ಮೋಸಹೋಗುವನು. ಎಲ್ಲ ಲಕ್ಷಣಗಳನ್ನೂ ಕೂಡಿಸಿ ನೋಡಿದವನು ಗಿಡವನ್ನು ಅರಿಯುವನು.

ಕೊಡಸಿಗೆಯನ್ನೇ ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ಇದು ಕುಟಜ, ಮರಾಠಿಯಲ್ಲಿ ಪಾಂಢರಾ ಕುಡಾ. ಇದರ ತೊಗಟೆ ಆಮಶಂಕೆಗೆ ಹೆಸರಾದ ಮದ್ದು. ಮಲೆನಾಡಿನ ಮನೆಗಳಲ್ಲಿ ಇದರ ಹೂವಿನಿಂದ ತಂಬುಳಿ ಮಾಡುವುದುಂಟು. ಇದನ್ನು ಹೋಲುವ ಇನ್ನೊಂದು ಮರವಿದೆ. ಕನ್ನಡದಲ್ಲಿ ಅದು ಬೆಪ್ಪಾಲೆ, ಮರಾಠಿಯಲ್ಲಿ ಕಾಳಾ ಕುಡಾ. ಎರಡರಲ್ಲಿಯೂ ಹಾಲುಂಟು, ಎರಡಕ್ಕೂ ಬಿಳಿಯ ಹೂ, ಎರಡರ ಕಾಯಿಗಳೂ ಜೋಡಿ ಜೋಡಿಯಾಗಿ ತೂಗುವುವು. ಹಾಗಾದರೆ ವ್ಯತ್ಯಾಸವೆಲ್ಲಿ? ಕೊಡಸಿಗೆಯ ಜೋಡಿ ಕಾಯಿಗಳು ತುದಿಯವರೆಗೂ ಬೇರೆ ಬೇರೆಯಾಗಿರುವುವು. ಬೆಪ್ಪಾಲೆಯ ಎಳೆಗಾಯಿಗಳ ತುದಿಗಳು ಒಂದಕ್ಕೊಂದು ಅಂಟಿಕೊಂಡಿರುವುವು. ಕಾಯಿ ಬಿಟ್ಟ ಕಾಲದಲ್ಲಿ ತಲೆಯೆತ್ತಿ ನೋಡಿದರೆ ಚಿಕ್ಕ ಮಕ್ಕಳೂ ಇದನ್ನು ಹೇಳಬಲ್ಲರು.

ಎರಡನೆಯ ಉದಾಹರಣೆ ತುಳುನಾಡಿನಿಂದ ಬಂದ ಮನೆಗಳವರಿಗೆಲ್ಲ ಪರಿಚಿತವಾದುದು. ಆಟಿ ಅಮಾವಾಸ್ಯೆಯಂದು ಬರಿಹೊಟ್ಟೆಯಲ್ಲಿ ಕುಡಿಯುವ ಕಹಿ ಕಷಾಯವು ಪಾಲೆಮರದ ತೊಗಟೆಯದು. ಇದೇ ಕನ್ನಡದ ಹಾಲೆ, ಸಂಸ್ಕೃತದ ಸಪ್ತಪರ್ಣ, ಮರಾಠಿಯ ಸಾತವೀಣ. ಮುಂಬಯಿಯ ರಸ್ತೆಬದಿಯಲ್ಲಿಯೂ ಈ ಮರವನ್ನು ಧಾರಾಳವಾಗಿ ನೆಟ್ಟಿದ್ದಾರೆ. ಏಳರ ಆಸುಪಾಸಿನಲ್ಲಿ ಎಲೆಗಳು ಸುತ್ತುಗಟ್ಟಿ ನಿಲ್ಲುವುದು ಇದರ ಗುರುತು. ಇದರ ಹಲಗೆಯ ಮೇಲೆ ಹಿಂದೆ ಮಕ್ಕಳು ಅಕ್ಷರ ತಿದ್ದುತ್ತಿದ್ದುದರಿಂದ, ಲ್ಯಾಟಿನ್ ಹೆಸರಿನಲ್ಲಿ ಶಾಲೆಯನ್ನು ಸೂಚಿಸುವ 'ಸ್ಕೊಲಾರಿಸ್' ಎಂಬ ಪದ ಸೇರಿದೆ. ಸಂಪ್ರದಾಯದಂತೆ ತೊಗಟೆಯನ್ನು ಸೂರ್ಯೋದಯಕ್ಕೆ ಮುಂಚೆ ಕಲ್ಲಿನಿಂದ ಜಜ್ಜಿ ತೆಗೆಯುವರು. ಕತ್ತಲಲ್ಲಿ ಎಲೆ ಕಾಣದು. ಪಾಲೆಯೆಂದು ಭ್ರಮಿಸಿ ಕಾಸರಕನ ಮರದ ತೊಗಟೆ ತಂದರೆ, ಅದರಲ್ಲಿರುವ ಸ್ಟ್ರಿಕ್ನಿನ್ ಎಂಬ ವಿಷದಿಂದ ಪ್ರಾಣಕ್ಕೇ ಅಪಾಯ. ಆದುದರಿಂದ ಹಿಂದಿನ ಹಗಲಿನಲ್ಲಿಯೇ ಎಲೆ ನೋಡಿ ಮರವನ್ನು ಗುರುತಿಸಿಡತಕ್ಕದ್ದು.

ಮೂರನೆಯದು ಅಮೃತಬಳ್ಳಿ, ಮರಾಠಿಯ ಗುಳವೇಲ. ೨೦೨೦ರಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ ರೋಗನಿರೋಧಕ ಶಕ್ತಿ ಹೆಚ್ಚೀತೆಂದು ಅನೇಕರು ಇದರ ಕಷಾಯವನ್ನು ಕುಡಿಯತೊಡಗಿದರು. ಆ ವರ್ಷದ ಸೆಪ್ಟೆಂಬರಿನಿಂದ ಡಿಸೆಂಬರಿನ ವರೆಗೆ ಮುಂಬಯಿಯಲ್ಲಿ ಹೀಗೆ ಸೇವಿಸಿದ್ದ ಆರು ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ವೈದ್ಯರು ೨೦೨೧ರಲ್ಲಿ ಪ್ರಕಟಿಸಿದರು. ಕೇಂದ್ರದ ಆಯುಷ್ ಮಂತ್ರಾಲಯವು ಇದಕ್ಕೆ ಆಕ್ಷೇಪವೆತ್ತಿ, ಸೇವಿಸಿದ ಬಳ್ಳಿ ಯಾವುದೆಂಬುದನ್ನು ಮೊದಲು ಖಚಿತಪಡಿಸಬೇಕಾಗಿತ್ತೆಂದೂ ಅದನ್ನು ಹೋಲುವ ಬೇರೆ ಬಳ್ಳಿಗಳುಂಟೆಂದೂ ಹೇಳಿತು. ಆ ಹೋಲುವ ಬಳ್ಳಿಗಳಲ್ಲೊಂದರ ಕಾಂಡದ ಮೇಲೆ ಉಬ್ಬುಗಂಟುಗಳು ಒತ್ತಾಗಿರುವುವು. ಈ ವಾದದಿಂದ ನಾವು ಕಲಿಯಬೇಕಾದ ಪಾಠಗಳು ಎರಡು. ಗುರುತು ತಿಳಿಯದೆ ಯಾವ ಬಳ್ಳಿಯನ್ನೂ ಕುದಿಸಿ ಕುಡಿಯಬಾರದು. ಗುರುತು ಸರಿಯಾಗಿದ್ದರೂ ವೈದ್ಯರನ್ನು ಕೇಳದೆ ದಿನವೂ ಸೇವಿಸಬಾರದು.

ಹಾಗೆಂದು ಹಿರಿಯರ ಮದ್ದುಗಳೆಲ್ಲ ಸುಳ್ಳೆಂದು ಭಾವಿಸಬೇಕಾಗಿಲ್ಲ. ಕೆಮ್ಮಿಗೆ ಅಜ್ಜಿಯಂದಿರು ಕೊಡುತ್ತಿದ್ದ ಆಡುಸೋಗೆಯಲ್ಲಿ ವಾಸಿಸಿನ್ ಎಂಬ ಸಾರವಿದೆ. ಅದನ್ನು ಆಧಾರ ಮಾಡಿಕೊಂಡೇ ವಿಜ್ಞಾನಿಗಳು ಬ್ರೋಮ್‌ಹೆಕ್ಸಿನ್ ಎಂಬ ಕಫಹಾರಿ ಔಷಧವನ್ನು ರೂಪಿಸಿದರು. ಅಜ್ಜಿಗೆ ಗಿಡದ ಪರಿಚಯ ಹಿತ್ತಲಿನಲ್ಲಿಯೇ ಆಗಿತ್ತು. ನಮ್ಮ ಮಕ್ಕಳು ಕಂಡಿರುವುದು ಸೀಸೆಯ ಮೇಲಿನ ಚೀಟಿಯನ್ನು ಮಾತ್ರ.

ಕಣ್ಣಾರೆ ಕಂಡು ಬರೆಯುವ ಪದ್ಧತಿ ಈ ನಗರಕ್ಕೆ ಹೊಸದೇನೂ ಅಲ್ಲ. ಪೋರ್ಚುಗೀಜರ ಕಾಲದಲ್ಲಿ ಮುಂಬಯಿ ದ್ವೀಪವನ್ನು ಗುತ್ತಿಗೆಗೆ ಪಡೆದಿದ್ದ ವೈದ್ಯ ಗಾರ್ಸಿಯಾ ದ ಓರ್ತಾ ಈ ದೇಶದ ಮದ್ದಿನ ಗಿಡಗಳ ಮೇಲೆ ಸಂವಾದರೂಪದ ಗ್ರಂಥವೊಂದನ್ನು ರಚಿಸಿ ೧೫೬೩ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದನು.

ರಾಷ್ಟ್ರೀಯ ಉದ್ಯಾನದಿಂದ ಗಿಡಬಳ್ಳಿಗಳನ್ನು ಕೀಳುವುದಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಿಷೇಧವಿದೆ. ಆದುದರಿಂದ ಅಲ್ಲಿಗೆ ಹೋಗುವ ವಿದ್ಯಾರ್ಥಿಗಳ ಕೈಯಲ್ಲಿ ಕತ್ತಿ ಬೇಡ, ಪುಸ್ತಕ ಪೆನ್ಸಿಲುಗಳಿರಲಿ. ಎಲೆಯ ಚಿತ್ರ ಬರೆದು, ಕೆಳಗೆ ಮನೆಮಾತಿನ ಹೆಸರು, ಮರಾಠಿಯ ಹೆಸರು, ಶಾಸ್ತ್ರೀಯ ಹೆಸರು ಈ ಮೂರನ್ನೂ ಬರೆದುಕೊಳ್ಳಲಿ. ಮನೆಗೆ ಬಂದು ತಾಯಿ ತಂದೆಯರನ್ನು, ಅಜ್ಜ ಅಜ್ಜಿಯರನ್ನು ಕೇಳಿ, ಅವರು ಬಲ್ಲುದನ್ನು ಪಕ್ಕದಲ್ಲಿ ಸೇರಿಸಲಿ. ಊರನ್ನು ಬಿಟ್ಟು ಬಂದ ನಮ್ಮೊಡನೆ ಗಿಡಗಳ ಹೆಸರುಗಳು ಬಂದಿವೆ. ಆ ಹೆಸರುಗಳಿಗೆ ತಕ್ಕ ಗಿಡಗಳನ್ನು ಮಕ್ಕಳಿಗೆ ತೋರಿಸಿಕೊಡುವ ಹೊಣೆ ನಮ್ಮದು.