ದೆಹಲಿ ನಂಬರಿನ ಇನ್ನೋವಾ

ಮನೆಗೆ ಎರಡನೇ ಮಗು ಬಂತು, ಊರಿಂದ ಅಪ್ಪ-ಅಮ್ಮನೂ ಬಂದ್ರು. ಐದು ಸೀಟಿನ ಕಾರು ಸಾಲದು. ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಸೆಕೆಂಡ್ ಹ್ಯಾಂಡ್‌ನಲ್ಲೂ ದುಬಾರಿ. ಆಗ ಕಣ್ಣಿಗೆ ಬೀಳುತ್ತೆ ಡಿಎಲ್ ನಂಬರಿನ ಡೀಸೆಲ್ ಕ್ರಿಸ್ಟಾ. ಬೆಲೆ ಕೇಳಿದ್ರೆ ತುಂಬಾ ಕಡಿಮೆ!

ಯಾಕೆ ಕಡಿಮೆ? ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ವಯಸ್ಸಾಗುತ್ತಾ ಬಂದ ಗಾಡಿಗಳು ಬೇರೆ ರಾಜ್ಯಗಳ ದಾರಿ ಹಿಡಿದವು. ಅಂದರೆ ಬೆಲೆ ಬಿದ್ದ ಮಾತ್ರಕ್ಕೆ ಗಾಡಿ ಕೆಟ್ಟಿದೆ ಅಂತಲ್ಲ.

ಆದರೆ ಲೆಕ್ಕ ಪೂರ್ತಿ ಮಾಡಿ ಸ್ವಾಮಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ಅದನ್ನೂ ತೆಗೆಸಬೇಕು. ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸ್. ಅದೂ ನೀವು ಕೊಟ್ಟ ಬೆಲೆ ಮೇಲಲ್ಲ, ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ! ಉಳಿಸಿದ್ದರಲ್ಲಿ ಎಷ್ಟು ಉಳಿಯುತ್ತೆ, ಮೊದಲೇ ಆರ್‌ಟಿಒದಲ್ಲಿ ಕೇಳಿ. ‘ಆಮೇಲೆ ಮಾಡಿಸಿಕೊಡ್ತೀವಿ ಸಾರ್’ ಅನ್ನೋರಿಗೆ ಪೂರ್ತಿ ದುಡ್ಡು ಕೊಡಬೇಡಿ.

ಇಂಜಿನಿಯರಿಂಗ್ ಓದಿದವನು, ಒಂದು ಮಾತು ಹೇಳಿಬಿಡ್ತೀನಿ. ಗಾಡಿ ನೋಡೋಕೆ ಬೆಳಗ್ಗೆಯೇ ಹೋಗಿ, ಇಂಜಿನ್ ತಣ್ಣಗಿರುವಾಗ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಅನುಮಾನ ಪಡಿ. ಅಮ್ಮನನ್ನೂ ಕರ್ಕೊಂಡು ಹೋಗಿ. ಮೂರನೇ ಸಾಲಿಗೆ ಹತ್ತೋಕೆ ಅವರ ಮಂಡಿ ಒಪ್ಪುತ್ತಾ, ಅಲ್ಲೇ ಕೂರಿಸಿ ನೋಡಿ.